ಹಾಪ್ಫರನ ಕಬ್ಬಿಣದ ತಗಡು ಮತ್ತು ಮೂವರು ಸೈನಿಕರು: ಒಂದು ಪ್ರಕರಣ ಅಧ್ಯಯನ

ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿ ಒಂದು ಹಳೆಯ ಕಬ್ಬಿಣದ ತಗಡು ಇದೆ. ಅದರ ಮೇಲೆ ಮೂವರು ಜರ್ಮನ್ ಸೈನಿಕರು ನಿಂತಿದ್ದಾರೆ. ಅವರ ಕೈಯಲ್ಲಿರುವುದು ಹಾಲ್ಬರ್ಡ್. ಆಳೆತ್ತರಕ್ಕೂ ಮಿಕ್ಕಿದ ಕೋಲು, ಅದರ ತುದಿಯಲ್ಲಿ ಕೊಡಲಿಯೂ ಈಟಿಯೂ ಒಟ್ಟಿಗೆ ಇರುವ ಆಯುಧ. ತಗಡಿನ ಕಾಲ ಸುಮಾರು 1510. ಮಾಡಿದವನು ದಕ್ಷಿಣ ಜರ್ಮನಿಯ ಆಗ್ಸ್‌ಬರ್ಗ್ ಊರಿನ ಡೇನಿಯಲ್ ಹಾಪ್ಫರ್.

ತಗಡಿನಲ್ಲಿರುವ ಗೀಟುಗಳು ಬರಿ ನೋಡುವುದಕ್ಕೆ ಮಾಡಿದವಲ್ಲ. ಅವುಗಳಲ್ಲಿ ಮಸಿ ತುಂಬಿ, ಮೇಲೆ ಒದ್ದೆ ಕಾಗದ ಹಾಕಿ, ಬಲವಾಗಿ ಒತ್ತಿ ಪ್ರಿಂಟ್ ತೆಗೆಯುತ್ತಿದ್ದರು. ಆ ಕಾಲದ ಪ್ರಿಂಟುಗಳು ಎಷ್ಟೋ ಉಳಿದಿವೆ. ಆದರೆ ಪ್ರಿಂಟ್ ತೆಗೆದ ತಗಡೇ ಉಳಿಯುವುದು ಅಪರೂಪ. ಹಾಗಾಗಿ ಈ ಒಂದು ವಸ್ತುವನ್ನು ಹಿಡಿದುಕೊಂಡು ಮೂರು ಪ್ರಶ್ನೆ ಕೇಳಬಹುದು. ಚಿತ್ರ ಅಚ್ಚು ಹಾಕಲು ಕಬ್ಬಿಣವೇ ಯಾಕೆ? ಸೈನಿಕರೇ ಯಾಕೆ? ಇದು ಆಗ್ಸ್‌ಬರ್ಗ್‌ನಲ್ಲೇ ಯಾಕೆ ಆಯಿತು? ನನ್ನ ಪ್ರಕಾರ ಮೂರಕ್ಕೂ ಉತ್ತರ ಸಿಗುವುದು ಒಂದೇ ಕಡೆ, ಕವಚ ಮಾಡುವವರ ಬೀದಿಯಲ್ಲಿ.

ಕವಚದ ಮೇಲಿನ ಚಿತ್ತಾರ

ಹಾಪ್ಫರ್ ಹುಟ್ಟಿದ್ದು 1470ರ ಆಸುಪಾಸಿನಲ್ಲಿ, ಕಾಫ್‌ಬಾಯ್ರನ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಚಿತ್ರಕಾರ. ಮಗ ಆಗ್ಸ್‌ಬರ್ಗ್‌ಗೆ ಬಂದು 1493ರಲ್ಲಿ ಅಲ್ಲಿನ ಪೌರನಾದ. 1536ರಲ್ಲಿ ತೀರಿಕೊಂಡ. ಅವನ ಮುಖ್ಯ ಕಸುಬು ಉಕ್ಕಿನ ಮೇಲೆ ಆಸಿಡ್‌ನಿಂದ ಚಿತ್ತಾರ ಬಿಡಿಸುವುದು. ಕತ್ತಿ, ಗುರಾಣಿ, ಎದೆಕವಚ, ಇವೇ ಅವನ ಕಾಗದ. ಅವನದೇ ಕೆಲಸ ಎಂದು ದಾಖಲೆ ಇರುವ ಒಂದು ಗುರಾಣಿ ಇವತ್ತು ಮ್ಯಾಡ್ರಿಡ್‌ನ ರಾಜಶಸ್ತ್ರಾಗಾರದಲ್ಲಿದೆ, ಒಂದು ಕತ್ತಿ ನ್ಯೂರೆಂಬರ್ಗ್‌ನ ಜರ್ಮನ್ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಉಕ್ಕಿನ ಮೇಲೆ ಆಸಿಡ್ ಬಳಸುವ ವಿದ್ಯೆ ಹಾಪ್ಫರ್‌ಗಿಂತ ಹಳೆಯದು. 15ನೇ ಶತಮಾನದಲ್ಲಿ ಯೂರೋಪಿನ ಕವಚದವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಗಟ್ಟಿ ಮಾಡಿದ ಉಕ್ಕನ್ನು ಉಳಿಯಿಂದ ಕೆತ್ತುವುದು ಬಲು ಕಷ್ಟ. ಆಸಿಡ್ ಆ ಕಷ್ಟವನ್ನು ತಪ್ಪಿಸಿತು. ಮೊದಲು ಲೋಹಕ್ಕೆ ಮೇಣದಂಥ ಒಂದು ಲೇಪ ಹಚ್ಚಬೇಕು. ಅದರ ಮೇಲೆ ಸೂಜಿಯಿಂದ ಗೀಚಬೇಕು. ಗೀಚಿದ ಕಡೆ ಲೇಪ ಹೋಗಿ ಲೋಹ ಬರಿದಾಗುತ್ತದೆ. ಆಮೇಲೆ ಆಸಿಡ್ ಹಾಕಿದರೆ ಅದು ಬರಿದಾದ ಕಡೆ ಮಾತ್ರ ತಿನ್ನುತ್ತದೆ, ಲೇಪದ ಕೆಳಗಿನದನ್ನು ಮುಟ್ಟುವುದಿಲ್ಲ. ಆಗಿನ ಆಸಿಡ್ ಅಂದರೆ ವಿನಿಗರ್, ನವಸಾಗರ, ತಾಮ್ರದ ಕಿಲುಬು, ಪಟಿಕ ಇಂಥವನ್ನು ಸೇರಿಸಿ ಮಾಡಿಕೊಂಡ ಮಿಶ್ರಣ. ಒಂದೊಂದು ಅಂಗಡಿಯಲ್ಲಿ ಒಂದೊಂದು ಪಾಕ.

ಕವಚದವರಿಗೆ ಇನ್ನೊಂದು ದಾರಿಯೂ ಇತ್ತು. ಅದು ಇದಕ್ಕೆ ತಿರುಗುಮುರುಗು. ಬಳ್ಳಿ, ಎಲೆ, ಹೂವನ್ನು ಕುಂಚದಿಂದ ಲೇಪದಲ್ಲೇ ಬರೆಯುವುದು, ಸುತ್ತಲಿನ ಜಾಗವನ್ನು ಆಸಿಡ್‌ಗೆ ಬಿಡುವುದು. ಹಿನ್ನೆಲೆ ತಗ್ಗಾಗಿ ಕಪ್ಪಾಗುತ್ತದೆ, ಬಳ್ಳಿ ಹೊಳೆಯುತ್ತಾ ಮೇಲೆ ನಿಲ್ಲುತ್ತದೆ. ಹಾಪ್ಫರ್ ಈ ಎರಡನೆಯ ವಿಧಾನವನ್ನೂ ಅಚ್ಚಿಗೆ ತಂದ. ಅವನ ಅಲಂಕಾರದ ಪ್ರಿಂಟುಗಳಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಬಳ್ಳಿಗಳು ಹರಡಿರುವುದನ್ನು ನೋಡಿದರೆ ಯಾರದೋ ಎದೆಕವಚದ ತುಂಡನ್ನೇ ಕಾಗದಕ್ಕೆ ಒತ್ತಿದ ಹಾಗೆ ಕಾಣುತ್ತದೆ. ಇಷ್ಟು ನೇರವಾಗಿ ಒಂದು ಕಸುಬು ಇನ್ನೊಂದಕ್ಕೆ ದಾಟಿದ್ದನ್ನು ಕಣ್ಣಿಂದ ನೋಡಲು ಸಿಗುವುದು ಅಪರೂಪ.

ಹಾಗಾದರೆ ಹಾಪ್ಫರ್ ಮಾಡಿದ ಹೊಸದೇನು? ಆಸಿಡ್ ತಿಂದ ಗೀಟಿನಲ್ಲಿ ಮಸಿ ನಿಲ್ಲುತ್ತದೆ, ಆ ಮಸಿಯನ್ನು ಕಾಗದಕ್ಕೆ ಎಳೆಯಬಹುದು ಎನ್ನುವುದನ್ನು ನಿಯತವಾಗಿ ಬಳಸಿದ್ದು. ತಾಳೆಗರಿ ಗ್ರಂಥ ನೋಡಿದವರಿಗೆ ಇದರ ಅರ್ಧಭಾಗ ಬೇಗ ಅರ್ಥವಾಗುತ್ತದೆ. ಕಬ್ಬಿಣದ ಮೊನೆಯಿಂದ ಗರಿಯ ಮೇಲೆ ಗೀಚಿ, ಮಸಿ ಸವರಿ, ಬಟ್ಟೆಯಿಂದ ಒರೆಸಿದರೆ ಅಕ್ಷರದ ಗೀಟಿನೊಳಗೆ ಮಾತ್ರ ಕಪ್ಪು ಉಳಿಯುತ್ತದಲ್ವಾ, ತಗಡಿನಲ್ಲೂ ಹಾಗೇ. ಅಲ್ಲಿ ಅಕ್ಷರ ಗರಿಯಲ್ಲೇ ನಿಂತುಬಿಡುತ್ತದೆ. ಇಲ್ಲಿ ಪ್ರೆಸ್ಸಿನ ಒತ್ತಡಕ್ಕೆ ಕಾಗದ ಗೀಟಿನೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ.

ಜರ್ಮನಿಯಲ್ಲಿ ಆ ಹೊತ್ತಿಗೆ ಅಚ್ಚಿನ ಚಿತ್ರಗಳು ಹೊಸವೇನಲ್ಲ. ಮರದಚ್ಚು ಇತ್ತು. ತಾಮ್ರದ ತಗಡನ್ನು ಚೂಪಾದ ಉಳಿಯಿಂದ ಕೆತ್ತಿ ಪ್ರಿಂಟ್ ತೆಗೆಯುವುದೂ 15ನೇ ಶತಮಾನದ ಮೊದಲರ್ಧದಲ್ಲೇ ಶುರುವಾಗಿತ್ತು. ಆದರೆ ತಾಮ್ರ ಕೆತ್ತುವುದು ಅಕ್ಕಸಾಲಿಗರ ಕೈಚಳಕ. ಉಳಿಯನ್ನು ಅಂಗೈಯಿಂದ ತಳ್ಳಬೇಕು, ತಗಡನ್ನು ತಿರುಗಿಸುತ್ತಾ ಹೋಗಬೇಕು. ಒಂದು ಗುಂಗುರು ಕೂದಲು ಬರಿಸಲು ವರ್ಷಗಟ್ಟಲೆ ಅಭ್ಯಾಸ ಬೇಕು. ಮೇಣದ ಮೇಲೆ ಸೂಜಿ ಓಡಿಸುವುದಕ್ಕೆ ಅದೆಲ್ಲ ಬೇಡ. ಪೆನ್ನಿನಿಂದ ಬರೆಯಲು ಬರುವ ಯಾರಿಗಾದರೂ ಅದು ಬರುತ್ತದೆ. ಶ್ರಮದ ಕೆಲಸ ಆಸಿಡ್ ಮಾಡುತ್ತದೆ.

ಯಾರು ಈ ಮೂವರು

ಹಾಪ್ಫರ್ ಬರೆದ ಸೈನಿಕರನ್ನು ಲಾಂಡ್ಸ್‌ಕ್ನೆಖ್ಟ್ ಎಂದು ಕರೆಯುತ್ತಿದ್ದರು. ಇವರು ಸಂಬಳಕ್ಕೆ ಯುದ್ಧ ಮಾಡುವ ಕಾಲಾಳುಗಳು. ಹ್ಯಾಪ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್ 1480ರ ದಶಕದಲ್ಲಿ ಸ್ವಿಸ್ ಈಟಿಗಾರರ ಮಾದರಿಯಲ್ಲಿ ಈ ಪಡೆಗಳನ್ನು ಕಟ್ಟಿದ. ಮುಂದೆ ಅವನೇ ಜರ್ಮನ್ ಸೀಮೆಗಳನ್ನೊಳಗೊಂಡ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯಾದ. ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 4 ಗುಲ್ಡನ್ ಸಂಬಳ. ಆಯುಧ, ಬಟ್ಟೆ ಅವನದೇ ಖರ್ಚು. ಹೆಚ್ಚಿನವರ ಕೈಯಲ್ಲಿ ಐದು ಮೀಟರ್ ಆಸುಪಾಸಿನ ಉದ್ದ ಈಟಿ. ಹಾಲ್ಬರ್ಡ್ ಅಥವಾ ಎರಡು ಕೈಯ ಕತ್ತಿ ಹಿಡಿದು ಮುಂದಿನ ಸಾಲಿನಲ್ಲಿ ನಿಲ್ಲುವ ಅನುಭವಿಗಳಿಗೆ ದುಪ್ಪಟ್ಟು ಸಂಬಳ. ಹಾಗಾಗಿ ತಗಡಿನ ಮೇಲಿನ ಮೂವರ ಕೈಯಲ್ಲಿ ಈಟಿಯ ಬದಲು ಹಾಲ್ಬರ್ಡ್ ಇರುವುದು ಸುಮ್ನೆ ಅಲ್ಲ. ನೋಡುವವರಿಗೆ ಇವರು ಸಾಲಿನ ಹಿಂದೆ ನಿಲ್ಲುವ ಹುಡುಗರಲ್ಲ ಎಂದು ಗೊತ್ತಾಗಬೇಕು.

ಇವರ ಬಟ್ಟೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೇಲಿನ ಬಟ್ಟೆಯಲ್ಲಿ ಉದ್ದುದ್ದ ಸೀಳು ಮಾಡಿ, ಒಳಗಿನ ಬೇರೆ ಬಣ್ಣದ ಬಟ್ಟೆಯನ್ನು ಆ ಸೀಳಿನಿಂದ ಹೊರಗೆ ಉಬ್ಬಿಸುತ್ತಿದ್ದರು. ತೋಳು, ಎದೆ, ತೊಡೆ, ಎಲ್ಲ ಕಡೆ ಸೀಳು. ಒಂದು ಕಾಲಿಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು. ತಲೆಯ ಮೇಲೆ ಅಗಲವಾದ ಟೋಪಿ, ಅದರಲ್ಲಿ ಉಷ್ಟ್ರಪಕ್ಷಿಯ ಗರಿ. ಆಗ ಯಾವ ವರ್ಗದವರು ಎಂಥ ಬಟ್ಟೆ ತೊಡಬೇಕು ಎಂದು ಕಾನೂನೇ ಇತ್ತು. ರೈತನ ಮಗ ರೇಷ್ಮೆ ಉಟ್ಟರೆ ದಂಡ. ಆದರೆ ಲಾಂಡ್ಸ್‌ಕ್ನೆಖ್ಟ್‌ಗಳಿಗೆ ಈ ಕಾನೂನಿನಿಂದ ವಿನಾಯಿತಿ ಇತ್ತು. ಊರ ಬೀದಿಯಲ್ಲಿ ಇವರು ನಡೆದು ಹೋದರೆ ಜನ ಯಾಕೆ ನಿಂತು ನೋಡುತ್ತಿದ್ದರು, ಚಿತ್ರವಾಗಿ ಇವರಿಗೆ ಯಾಕೆ ಅಷ್ಟು ಬೇಡಿಕೆ ಇತ್ತು ಎನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಈಗ ಕಬ್ಬಿಣಕ್ಕೆ ವಾಪಸ್ ಬರೋಣ. ಕಬ್ಬಿಣವನ್ನು ಆಸಿಡ್ ಒರಟಾಗಿ ತಿನ್ನುತ್ತದೆ. ಗೀಟಿನ ಅಂಚು ನಯವಾಗಿ ಬರುವುದಿಲ್ಲ, ಸ್ವಲ್ಪ ಹರಿದ ಹಾಗೆ ಇರುತ್ತದೆ. ತಾಮ್ರದಲ್ಲಿ ಉಳಿ ಒತ್ತಿದಂತೆಲ್ಲ ಗೀಟು ತೆಳುವಿನಿಂದ ದಪ್ಪಗಾಗಿ ಮತ್ತೆ ತೆಳುವಾಗುತ್ತದೆ. ಕಬ್ಬಿಣದಲ್ಲಿ ಎಲ್ಲ ಗೀಟೂ ಹೆಚ್ಚುಕಡಿಮೆ ಒಂದೇ ದಪ್ಪ. ಮುಖದ ಮೇಲೆ ನೆರಳು ಹರಿಸಲು, ಚರ್ಮದ ಮೃದುತನ ತೋರಿಸಲು ಇದು ತಕ್ಕ ಸಾಮಗ್ರಿಯಲ್ಲ. ಆದರೆ ಸೀಳಿದ ತೋಳಿಗೆ? ಚಿಕ್ಕ ಚಿಕ್ಕ ಬಾಗಿದ ಗೀಟುಗಳ ಸಾಲು ಸಾಕು. ಗರಿಗೆ ಸೂಜಿಯ ನಾಲ್ಕು ಬೀಸು, ಗಡ್ಡಕ್ಕೆ ಒರಟು ಗುಂಗುರು. ಹಾಪ್ಫರನ ಸೈನಿಕರಲ್ಲಿ ಜೀವ ಇರುವುದು ಬಟ್ಟೆಯಲ್ಲಿ. ಮುಖ ಅಷ್ಟಕ್ಕಷ್ಟೆ. ಅದನ್ನು ಅವನ ಕೊರತೆ ಎಂದು ಬರೆದವರಿದ್ದಾರೆ. ನನಗೆ ಅದು ಸಾಮಗ್ರಿಯನ್ನು ಅರಿತವನ ಆಯ್ಕೆ ಎಂದೇ ಅನಿಸುತ್ತದೆ. ಈ ಕಬ್ಬಿಣದಿಂದ ಏನು ಚೆನ್ನಾಗಿ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು, ಅದಕ್ಕೆ ಸರಿಯಾಗಿ ವಸ್ತುವನ್ನು ಹುಡುಕಿದ.

ಬಟ್ಟೆಗೂ ಉಕ್ಕಿಗೂ ಇರುವ ನಂಟು ಇಲ್ಲಿಗೆ ಮುಗಿಯುವುದಿಲ್ಲ. ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಂನಲ್ಲಿ 1523ರ ಒಂದು ಕವಚ ಇದೆ. ವಿಲ್ಹೆಲ್ಮ್ ಫಾನ್ ರೋಗೆನ್‌ಡಾರ್ಫ್ ಎಂಬ ದಳಪತಿಗಾಗಿ ಆಗ್ಸ್‌ಬರ್ಗ್‌ನ ಕೋಲ್ಮನ್ ಹೆಲ್ಮ್‌ಶ್ಮಿಡ್ ಮಾಡಿದ್ದು. ಅದರ ಉಕ್ಕಿನ ತೋಳುಗಳು ಬಲೂನಿನ ಹಾಗೆ ಉಬ್ಬಿವೆ, ಮೇಲೆ ಸೀಳುಗಳ ಚಿತ್ತಾರ. ಅಂದರೆ ಸೈನಿಕನ ಸೀಳು ಬಟ್ಟೆಯನ್ನು ದಳಪತಿ ಉಕ್ಕಿನಲ್ಲಿ ಮಾಡಿಸಿಕೊಂಡಿದ್ದಾನೆ. ಕಾಲಾಳಿನ ಫ್ಯಾಷನ್ ಮೇಲಕ್ಕೆ ಏರಿದೆ. ಇಂಥ ಉಕ್ಕಿನ ಮೇಲೆ ಆಸಿಡ್‌ನಿಂದ ಸೀಳು ಬರೆಯುವವರ ಊರಿನಲ್ಲೇ ಹಾಪ್ಫರ್ ಅದೇ ಸೀಳುಗಳನ್ನು ಅಚ್ಚಿನ ತಗಡಿನ ಮೇಲೂ ಬರೆಯುತ್ತಿದ್ದ. ಸೈನಿಕ, ಅವನ ಬಟ್ಟೆ, ಅವನ ದಳಪತಿಯ ಕವಚ, ಅವನ ಚಿತ್ರ, ಎಲ್ಲವೂ ಒಂದೇ ಬೀದಿಯ ಸುತ್ತ ಸುತ್ತುತ್ತವೆ.

ಆ ಊರು ಅಂಥದ್ದು. ಮ್ಯಾಕ್ಸಿಮಿಲಿಯನ್‌ಗೆ ಯುದ್ಧಕ್ಕೆ ಸಾಲ ಕೊಡುತ್ತಿದ್ದ ಯಾಕೋಬ್ ಫುಗ್ಗರ್ ಆಗ್ಸ್‌ಬರ್ಗ್‌ನವನು. ಮ್ಯಾಕ್ಸಿಮಿಲಿಯನ್‌ನ ಕವಚ ಮಾಡುತ್ತಿದ್ದ ಹೆಲ್ಮ್‌ಶ್ಮಿಡ್ ಮನೆತನವೂ ಅಲ್ಲಿಯದೇ. ಲಾಂಡ್ಸ್‌ಕ್ನೆಖ್ಟ್‌ಗಳ ಅತಿ ಹೆಸರಾದ ನಾಯಕ ಗಿಯೋರ್ಗ್ ಫಾನ್ ಫ್ರುಂಡ್ಸ್‌ಬರ್ಗ್ ಹತ್ತಿರದ ಮಿಂಡಲ್‌ಹೈಮ್‌ನವನು. ಅಚ್ಚುಕೂಟಗಳೂ ಅಲ್ಲಿ ಬೇಕಾದಷ್ಟು. ದುಡ್ಡು, ಉಕ್ಕು, ಸೈನಿಕ, ಕಾಗದ ನಾಲ್ಕೂ ಕೈಗೆಟಕುವಷ್ಟು ಹತ್ತಿರ ಇದ್ದ ಊರು ಅದು.

ಕಾಲದ ತಕರಾರು

ಮೊದಲು ಯಾರು ಎಂಬ ಪ್ರಶ್ನೆಗೆ ಬಂದರೆ ಒಂದು ತೊಡಕು ಇದೆ. ಹೀಗೆ ಆಸಿಡ್ ತಿಂದ ತಗಡಿನಿಂದ ತೆಗೆದ ಪ್ರಿಂಟಿಗೆ ಎಚಿಂಗ್ ಎನ್ನುತ್ತಾರೆ. ಇಸವಿ ಬರೆದಿರುವ ಅತಿ ಹಳೆಯ ಎಚಿಂಗ್ ಹಾಪ್ಫರನದಲ್ಲ. ಅದು ಸ್ವಿಟ್ಜರ್ಲೆಂಡಿನ ಉರ್ಸ್ ಗ್ರಾಫ್‌ನದು, 1513ರದ್ದು. ಒಬ್ಬ ಹುಡುಗಿ ಕಾಲು ತೊಳೆದುಕೊಳ್ಳುತ್ತಿರುವ ಚಿತ್ರ. ಹಾಪ್ಫರ್ ತನ್ನ ತಗಡುಗಳ ಮೇಲೆ ಸಾಮಾನ್ಯವಾಗಿ ಇಸವಿ ಹಾಕುತ್ತಿರಲಿಲ್ಲ. ಡಿ ಮತ್ತು ಎಚ್ ಅಕ್ಷರ, ನಡುವೆ ಬಿಯರ್‌ಗೆ ಹಾಕುವ ಹಾಪ್ ಗಿಡದ ಗುರುತು, ಅಷ್ಟೇ. ಆ ಗಿಡವನ್ನು ಮುಂದಿನವರು ದೀಪದ ಕಂಬ ಎಂದುಕೊಂಡು, ಮಾಡಿದವನ ಹೆಸರು ತಿಳಿಯದೆ ಬಹಳ ಕಾಲ ದೀಪಸ್ತಂಭದ ಕಲಾವಿದರು ಎಂದೇ ಹಾಪ್ಫರ್ ಮನೆಯವರನ್ನು ಕರೆದರು.

ಆದರೂ ವಿದ್ವಾಂಸರು ಹಾಪ್ಫರನ ಕೆಲಸ 1500ರ ಆಸುಪಾಸಿನಲ್ಲೇ ಶುರುವಾಗಿರಬೇಕು ಎನ್ನುತ್ತಾರೆ. ಅದಕ್ಕೆ ಒಂದು ಎಳೆ ಕುಂಜ್ ಫಾನ್ ಡೆರ್ ರೋಸನ್‌ನ ಚಿತ್ರ. ಕುಂಜ್ ಅಂದರೆ ಮ್ಯಾಕ್ಸಿಮಿಲಿಯನ್‌ನ ಆಸ್ಥಾನದ ವಿದೂಷಕ, ಆಪ್ತನೂ ಹೌದು. ಹಾಪ್ಫರ್ ಅವನನ್ನು ಗಡ್ಡಧಾರಿಯಾಗಿ, ಕತ್ತಿಯ ಹಿಡಿಯ ಮೇಲೆ ಕೈಯಿಟ್ಟ ಗಟ್ಟಿಗನಾಗಿ ಬರೆದ. ಈ ಚಿತ್ರ ಇಟಲಿಗೆ ಹೋಯಿತು. ಅಲ್ಲಿ ಒಬ್ಬ ಕೆತ್ತನೆಗಾರ ಇದನ್ನೇ ತಾಮ್ರದಲ್ಲಿ ನಕಲು ಮಾಡಿ, ಇವನು ಸ್ಪೇನಿನ ಸೇನಾಪತಿ ಗೊನ್ಸಾಲೋ ದೆ ಕೊರ್ದೋಬಾ ಎಂದು ಹೆಸರು ಹಾಕಿದ! ನೇಪಲ್ಸ್‌ನಲ್ಲಿ ಫ್ರೆಂಚರನ್ನು ಸೋಲಿಸಿದ ಸೇನಾಪತಿಯ ಮುಖ ನೋಡಬೇಕೆಂದು ಜನ ಕಾಯುತ್ತಿದ್ದರು. ಸಿಕ್ಕಿದ್ದು ಜರ್ಮನ್ ವಿದೂಷಕನ ಮುಖ. ಆ ಗೆಲುವಿನ ಸುದ್ದಿ ಬಿಸಿಯಾಗಿದ್ದಾಗಲೇ ನಕಲು ಆಗಿದ್ದರೆ ಹಾಪ್ಫರನ ಮೂಲ ಇನ್ನೂ ಮುಂಚಿನದು. ಸೈನಿಕನ ಚಿತ್ರ ಅಂದರೆ ಆಗ ಒಬ್ಬ ವ್ಯಕ್ತಿಗಿಂತ ಒಂದು ಬಗೆ. ಗಡ್ಡ, ಕತ್ತಿ, ಗತ್ತು ಇದ್ದರೆ ಯಾವ ಹೆಸರನ್ನಾದರೂ ಹೊರುತ್ತಿತ್ತು. ನಮ್ಮ ತಗಡಿನ ಮೂವರಿಗೆ ಹೆಸರಿಲ್ಲದಿರುವುದೂ ಅದಕ್ಕೇ.

ಇನ್ನೊಂದು ಸಾಕ್ಷಿ ತೀರ ತಡವಾಗಿ ಬಂದದ್ದು. 1590ರಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫ್ ಹಾಪ್ಫರನ ಮೊಮ್ಮಗನಿಗೆ ಕುಲೀನ ಪದವಿ ಕೊಟ್ಟ. ಆ ಸನ್ನದಿನಲ್ಲಿ ಅಜ್ಜನನ್ನು ಎಚಿಂಗ್ ಕಲೆಯ ಆದಿಪುರುಷ ಎಂದು ಹೆಸರಿಸಿದ್ದಾರೆ. ಮನೆತನದ ಹೆಗ್ಗಳಿಕೆ ಎಂದು ಇದನ್ನು ಸ್ವಲ್ಪ ಕಡಿಮೆ ತೂಕದಲ್ಲಿ ಹಿಡಿಯಬಹುದು. ಆದರೆ ಕವಚದ ಕಸುಬು, ಉಳಿದ ತಗಡುಗಳು, ನಕಲುಗಳು, ಈ ಮೂರರ ಜತೆ ಇಟ್ಟು ನೋಡಿದಾಗ ಹಾಪ್ಫರ್ ಮೊದಲಿಗ ಎನ್ನುವುದನ್ನು ಒಪ್ಪಲು ನನಗೆ ಹಿಂಜರಿಕೆ ಇಲ್ಲ.

ಅದೇ ಕಬ್ಬಿಣ, ಬೇರೆ ಕೈಗಳು

ಹಾಪ್ಫರನ ಸೈನಿಕರನ್ನು ಅವರಷ್ಟಕ್ಕೇ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಪಕ್ಕದಲ್ಲಿ ಡ್ಯೂರರ್‌ನನ್ನು ಇಡಬೇಕು. ನ್ಯೂರೆಂಬರ್ಗ್‌ನ ಆಲ್ಬ್ರೆಖ್ಟ್ ಡ್ಯೂರರ್ ತಾಮ್ರ ಕೆತ್ತನೆಯಲ್ಲಿ ಯೂರೋಪಿಗೇ ದೊಡ್ಡವನು. ಅವನು 1515ರಿಂದ 1518ರ ನಡುವೆ ಕಬ್ಬಿಣದಲ್ಲಿ ಆರು ಎಚಿಂಗ್ ಮಾಡಿದ. ಕೊನೆಯದು 1518ರ ಫಿರಂಗಿಯ ಚಿತ್ರ. ಎಡಕ್ಕೆ ನ್ಯೂರೆಂಬರ್ಗ್‌ನ ಲಾಂಛನ ಇರುವ ದೊಡ್ಡ ಫಿರಂಗಿ, ಅದರ ಹತ್ತಿರ ಒಬ್ಬ ಲಾಂಡ್ಸ್‌ಕ್ನೆಖ್ಟ್. ಬಲಕ್ಕೆ ಕೆಲವರು ನಿಂತಿದ್ದಾರೆ, ಮುಂದಿನವನು ತುರ್ಕಿ ಉಡುಪಿನವನು. ಹಿಂದೆ ಫ್ರಾಂಕೋನಿಯಾ ಸೀಮೆಯ ಹಳ್ಳಿ, ಗುಡ್ಡ, ಆಕಾಶ ಹರಡಿಕೊಂಡಿವೆ.

ಅದೇ ವರ್ಷ ಆಗ್ಸ್‌ಬರ್ಗ್‌ನಲ್ಲಿ ಸಾಮ್ರಾಜ್ಯದ ಮಹಾಸಭೆ ಸೇರಿತ್ತು. ತುರ್ಕರ ಮೇಲಿನ ಯುದ್ಧಕ್ಕೆ ತೆರಿಗೆ ಕೇಳುವುದು ಅಲ್ಲಿನ ದೊಡ್ಡ ವಿಷಯ. ಡ್ಯೂರರ್ ಆ ಸಭೆಗೆ ಹೋಗಿದ್ದ. ಜೂನ್ 28ರಂದು ಮ್ಯಾಕ್ಸಿಮಿಲಿಯನ್‌ನ ಚಿತ್ರವನ್ನು ಅವನ ಎದುರೇ ಕೂತು ಬರೆದ. ಅಂದರೆ ಫಿರಂಗಿಯ ಆ ತಗಡಿನ ಹಿಂದೆ ಆ ವರ್ಷದ ಸುದ್ದಿ ಇದೆ, ಭಯ ಇದೆ. ಕಲೆಯಾಗಿ ನೋಡಿದರೂ ಡ್ಯೂರರ್ ಕಬ್ಬಿಣವನ್ನು ಪಳಗಿಸಿದ. ಉದ್ದುದ್ದ ಸಮಾನಾಂತರ ಗೀಟು, ಅಗಲವಾದ ಬಯಲು, ಎಲ್ಲೂ ಅತಿಯಾದ ಕುಸುರಿ ಇಲ್ಲ. ಆದರೆ ಇದಾದ ಮೇಲೆ ಅವನು ಮತ್ತೆ ಎಚಿಂಗ್ ಮಾಡಲಿಲ್ಲ. ತಾಮ್ರದಲ್ಲಿ ಅವನ ಕೈಗೆ ಸಿಗುತ್ತಿದ್ದ ನಯ ಇಲ್ಲಿ ಸಿಗುವಂತಿರಲಿಲ್ಲ. ಎರಡೇ ವರ್ಷದಲ್ಲಿ, 1520ರಲ್ಲಿ, ನೆದರ್‌ಲ್ಯಾಂಡ್ಸ್‌ನ ಲೂಕಾಸ್ ಫಾನ್ ಲೈಡನ್ ತಾಮ್ರದ ತಗಡಿನ ಮೇಲೆ ಎಚಿಂಗ್ ಮಾಡಿದ. ಮುಂದಿನ ಶತಮಾನಗಳ ಎಚಿಂಗ್ ಎಲ್ಲ ಆ ದಾರಿಯಲ್ಲೇ ಹೋಯಿತು. ಕಬ್ಬಿಣದ ಕಾಲ ಅಷ್ಟು ಚಿಕ್ಕದು.

ಉರ್ಸ್ ಗ್ರಾಫ್‌ನ ವಿಷಯ ಬೇರೆ. ಅವನು ಅಕ್ಕಸಾಲಿಗ, ಬಾಸೆಲ್‌ನಲ್ಲಿ ಕೆಲಸ ಮಾಡಿದವನು. ಜತೆಗೆ ಸ್ವತಃ ಕೂಲಿ ಸೈನಿಕನಾಗಿ ಇಟಲಿಯ ಯುದ್ಧಗಳಿಗೆ ಹೋಗಿಬಂದವನು. 1521ರಲ್ಲಿ ಅವನು ಪೆನ್ನಿನಲ್ಲಿ ಬರೆದ ರಣರಂಗದ ಚಿತ್ರ ಬಾಸೆಲ್‌ನಲ್ಲಿದೆ. ನೆಲದ ತುಂಬ ಬಟ್ಟೆ ಕಳಚಿದ ಹೆಣಗಳು, ಮರದಲ್ಲಿ ನೇತಾಡುವವರು, ಇದರ ನಡುವೆ ಒಬ್ಬ ಸೈನಿಕ ತಲೆಯೆತ್ತಿ ನೀರು ಕುಡಿಯುತ್ತಿದ್ದಾನೆ. ಹಾಪ್ಫರನ ಸೈನಿಕರ ಪಕ್ಕ ಇದನ್ನಿಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದೇ ಸೀಳು ಬಟ್ಟೆಯವರ ಕಥೆ ಹೀಗೂ ಮುಗಿಯುತ್ತಿತ್ತು. ಆದರೆ ಗಮನಿಸಿ, ಗ್ರಾಫ್ ಅದನ್ನು ಅಚ್ಚಿಗೆ ಹಾಕಲಿಲ್ಲ. ಅದು ಒಂದೇ ಹಾಳೆಯ ಚಿತ್ರವಾಗಿಯೇ ಉಳಿಯಿತು. ಅಚ್ಚಾಗಿ ಮಾರಾಟಕ್ಕೆ ಬಂದದ್ದು ಹೆಚ್ಚಾಗಿ ಗರಿ ತೊಟ್ಟು ನಿಂತವರೇ.

ಹಾಪ್ಫರ್ ಯುದ್ಧವನ್ನು ಮುಚ್ಚಿಟ್ಟ ಎಂದು ಇದಕ್ಕೆ ಅವನನ್ನು ದೂರಬೇಕೇ? ನಾನು ದೂರುವುದಿಲ್ಲ. ಆದರೆ ಅವನ ಪ್ರಿಂಟನ್ನು ಯುದ್ಧದ ದಾಖಲೆ ಎಂದು ಓದುವುದೂ ತಪ್ಪು. ಸಂಬಳ ಬಾರದೆ ದಂಗೆ ಎದ್ದ ಲಾಂಡ್ಸ್‌ಕ್ನೆಖ್ಟ್‌ಗಳು 1527ರಲ್ಲಿ ಬೇರೆ ಪಡೆಗಳ ಜತೆ ಸೇರಿ ರೋಮ್ ನಗರವನ್ನೇ ಲೂಟಿ ಮಾಡಿದರು. ಅವರನ್ನು ಸಮಾಧಾನ ಮಾಡಲು ಹೋದ ಫ್ರುಂಡ್ಸ್‌ಬರ್ಗ್‌ಗೆ ಲೂಟಿಗೆ ಮುಂಚೆಯೇ ಲಕ್ವ ಹೊಡೆಯಿತು. ಮರುವರ್ಷ ಊರಿಗೆ ಬಂದು ಸತ್ತ. ಇದೆಲ್ಲ ಆದ ಮೇಲೆ, ಸುಮಾರು 1530ರಲ್ಲೂ, ಹಾಪ್ಫರ್ ಐವರು ಲಾಂಡ್ಸ್‌ಕ್ನೆಖ್ಟ್‌ಗಳ ಇನ್ನೊಂದು ತಗಡು ಮಾಡಿದ. ಅಲ್ಲೂ ಗತ್ತು ಹಾಗೇ ಇದೆ. ಕೊಳ್ಳುವವರಿಗೆ ಬೇಕಾದದ್ದು ಆ ಗತ್ತು, ಆ ಬಟ್ಟೆ. ಪ್ರಿಂಟು ಹೇಳುವುದು ಕೊಳ್ಳುವವರ ಆಸೆಯನ್ನು. ಸಾಯುವವರ ಪಾಡನ್ನು ಬೇರೆ ಕಡೆ ಹುಡುಕಬೇಕು.

ತಗಡಿನ ಮುಂದಿನ ಆಯಸ್ಸು

ಹಾಪ್ಫರನ ಮಕ್ಕಳು ಹಿಯೆರೋನಿಮಸ್ ಮತ್ತು ಲಾಂಬರ್ಟ್ ಇದೇ ಕಸುಬು ಮುಂದುವರಿಸಿದರು. ಆಮೇಲೆ ತಗಡುಗಳು ಮೂಲೆ ಸೇರಿದವು. ತಾಮ್ರವಾಗಿದ್ದರೆ ಯಾರೋ ಕರಗಿಸಿ ಪಾತ್ರೆ ಮಾಡುತ್ತಿದ್ದರೋ ಏನೋ. 17ನೇ ಶತಮಾನದಲ್ಲಿ ನ್ಯೂರೆಂಬರ್ಗ್‌ನ ಪುಸ್ತಕ ವ್ಯಾಪಾರಿ ಡೇವಿಡ್ ಫುಂಕ್ ಈ ಮನೆತನದ 230 ತಗಡುಗಳನ್ನು ಕೊಂಡು, ಮತ್ತೆ ಅಚ್ಚು ಹಾಕಿ ಮಾರಿದ. ಪ್ರತಿ ತಗಡಿನ ಮೇಲೂ ಒಂದು ನಂಬರ್ ಗೀಚಿದ. 1802ರಲ್ಲಿ ಫ್ರಾಂಕ್‌ಫರ್ಟ್‌ನ ಸಿಲ್ಬರ್‌ಬರ್ಗ್ ಎಂಬವನು ಅವುಗಳಲ್ಲಿ 92ನ್ನು ಇನ್ನೊಮ್ಮೆ ಅಚ್ಚು ಹಾಕಿದ. ಹಾಗಾಗಿ ಇವತ್ತು ಮ್ಯೂಸಿಯಂಗಳಲ್ಲಿ ಕಾಣುವ ಹಾಪ್ಫರ್ ಪ್ರಿಂಟುಗಳಲ್ಲಿ ಹೆಚ್ಚಿನವು ಅವನು ಸತ್ತು ಎಷ್ಟೋ ಕಾಲದ ಮೇಲೆ ತೆಗೆದವು.

ಹಾಪ್ಫರ್‌ಗೆ ಬಹಳ ದಿನ ನ್ಯಾಯ ಸಿಗದಿರಲು ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ. ಜನ ನೋಡಿದ್ದು ಸವೆದ, ತುಕ್ಕು ಹಿಡಿದ ತಗಡಿನ ಪ್ರಿಂಟು. ಹೋಲಿಸಿದ್ದು ಡ್ಯೂರರ್‌ನ ತಾಮ್ರದ ನಯದ ಜತೆ. ಅದರ ಮೇಲೆ ಇವನು ಇಟಲಿಯವರ ಚಿತ್ರಗಳನ್ನೂ ನಕಲು ಮಾಡಿದ್ದ. ಕವಚದ ಕುಶಲಿಯೊಬ್ಬ ಹೊಸ ಮಾಧ್ಯಮವನ್ನೇ ಕೊಟ್ಟ ಎನ್ನುವುದು ಇದರಡಿ ಮುಚ್ಚಿಹೋಯಿತು.

ಮುಂಚಿನ ಪ್ರಿಂಟನ್ನೂ ತಡವಾದದ್ದನ್ನೂ ಬೇರೆ ಮಾಡುವುದು ಅಷ್ಟು ಕಷ್ಟವಲ್ಲ, ಮ್ಯೂಸಿಯಂಗಳ ದೊಡ್ಡ ಫೋಟೋಗಳಲ್ಲೂ ನೋಡಬಹುದು. ಫುಂಕ್ ಗೀಚಿದ ಒರಟು ನಂಬರ್ ಇದ್ದರೆ ಅದು ತಡದ್ದು. ನಂಬರ್ ಕಾಣದಿದ್ದರೆ ಚಿತ್ರವಿಲ್ಲದ ಖಾಲಿ ಜಾಗ ನೋಡಿ. ಅಲ್ಲಿ ಚಿಕ್ಕ ಚಿಕ್ಕ ಕಪ್ಪು ಚುಕ್ಕೆಗಳು ಚೆಲ್ಲಿದ್ದರೆ ಅವು ತುಕ್ಕಿನ ಗುಳಿಗಳು. ಕಬ್ಬಿಣ ತುಕ್ಕು ಹಿಡಿದ ಕಡೆ ಆಸಿಡ್ ತಿಂದ ಹಾಗೇ ಗುಳಿ ಬೀಳುತ್ತದೆ, ಅದರಲ್ಲೂ ಮಸಿ ನಿಲ್ಲುತ್ತದೆ. ಇನ್ನೊಂದು ಮಾತು. ವಾಷಿಂಗ್ಟನ್ನಿನ ತಗಡಿನ ಫೋಟೋವನ್ನು ಅದರ ಪ್ರಿಂಟಿನ ಪಕ್ಕ ಇಟ್ಟು ನೋಡಿ. ತಗಡಿನಲ್ಲಿ ಎಡಕ್ಕಿರುವವನು ಪ್ರಿಂಟಿನಲ್ಲಿ ಬಲಕ್ಕಿರುತ್ತಾನೆ. ಹಾಪ್ಫರ್ ಸೂಜಿ ಹಿಡಿದು ನೋಡಿದ ಸೈನಿಕರು ತಗಡಿನಲ್ಲಿರುವವರು. ಸಂತೆಯಲ್ಲಿ ಪ್ರಿಂಟ್ ಕೊಂಡವರು ನೋಡಿದ್ದು ಅವರ ತಿರುವನ್ನು.